ತೀರ್ಪಿಗೆ ಮೊದಲೇ ದಂಡನೆ

2020ರ ಮಾರ್ಚ್ ತಿಂಗಳ ಮೊದಲ ವಾರದಲ್ಲಿ ಲಖನೌ ನಗರದ ಆಡಳಿತವು, ಹಿಂದಿನ ಡಿಸೆಂಬರಿನಲ್ಲಿ ಪೌರತ್ವ ತಿದ್ದುಪಡಿ ಕಾಯಿದೆಯ ವಿರುದ್ಧ ನಡೆದ ಪ್ರತಿಭಟನೆಯ ಕಾಲದಲ್ಲಿ ಸ್ವತ್ತುಗಳನ್ನು ಹಾಳುಗೆಡವಿದರೆಂಬ ಆರೋಪಕ್ಕೆ ಗುರಿಯಾದ ಐವತ್ತಕ್ಕೂ ಹೆಚ್ಚು ಮಂದಿಯ ಭಾವಚಿತ್ರ, ಹೆಸರು, ಮನೆಯ ವಿಳಾಸಗಳನ್ನು ಬೃಹತ್ ಫಲಕಗಳ ಮೇಲೆ ಮುದ್ರಿಸಿ, ಹಾದಿಹೋಕರೆಲ್ಲರ ಕಣ್ಣಿಗೆ ಬೀಳುವಂತೆ ಮುಖ್ಯ ವೃತ್ತಗಳಲ್ಲಿ ನಿಲ್ಲಿಸಿತು. ಅವರ ಮೇಲಿನ ಆ ಆರೋಪವು ಅಂದಿಗೆ ಯಾವ ನ್ಯಾಯಾಲಯದಲ್ಲಿಯೂ ಸಾಬೀತಾಗಿರಲಿಲ್ಲ.

ಇತರರು ಅಂತಹ ಕೃತ್ಯಕ್ಕೆ ಇಳಿಯದಿರಲೆಂದು ಹೀಗೆ ಮಾಡಿದೆವೆಂಬುದು ಸರ್ಕಾರದ ಸಮರ್ಥನೆ. ಸಾರ್ವಜನಿಕ ಸ್ವತ್ತನ್ನು ಸುಡುವುದು ಘೋರವೆಂಬುದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಆ ಫಲಕದಲ್ಲಿ ಮನೆಯ ವಿಳಾಸಕ್ಕೇನು ಕೆಲಸ? ತಲೆತಪ್ಪಿಸಿಕೊಂಡವನನ್ನು ಹಾಜರುಪಡಿಸುವ ಸಲುವಾಗಿ ನ್ಯಾಯಾಲಯವು ಉದ್ಘೋಷಣೆ ಹೊರಡಿಸಿ, ಅದನ್ನು ಅವನ ಊರಿನಲ್ಲಿ ಬಹಿರಂಗವಾಗಿ ಓದಿಸಲು ಅಂದಿನ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಅವಕಾಶವಿದ್ದಿತು. ಇಲ್ಲಿಯಾದರೋ ವಿಳಾಸವು ಪೊಲೀಸರಿಗೆ ಮೊದಲೇ ತಿಳಿದಿದ್ದಿತು. ಆದುದರಿಂದ ಅದನ್ನು ಬರೆದದ್ದು ಕಾನೂನಿನ ಉಪಯೋಗಕ್ಕಾಗಿ ಅಲ್ಲವೆಂದೂ, ದ್ವೇಷವಿಟ್ಟುಕೊಂಡ ಯಾವನೋ ಅಪರಿಚಿತನಿಗೆ ಆ ಮನೆಯ ಬಾಗಿಲನ್ನು ತೋರಿಸಿಕೊಟ್ಟಂತಾಯಿತೆಂದೂ, ಆ ಮನೆಯೊಳಗಿನ ವೃದ್ಧರೂ ಮಕ್ಕಳೂ ಯಾವ ಆರೋಪವೂ ಇಲ್ಲದೆ ಶಿಕ್ಷೆಗೆ ಪಾಲುದಾರರಾದರೆಂದೂ ಹೇಳದೆ ವಿಧಿಯಿಲ್ಲ.

ಅಲಹಾಬಾದ್ ಉಚ್ಚ ನ್ಯಾಯಾಲಯದ ಮುಖ್ಯ ನ್ಯಾಯಮೂರ್ತಿ ಗೋವಿಂದ ಮಾಥುರ್ ಮತ್ತು ನ್ಯಾಯಮೂರ್ತಿ ರಮೇಶ್ ಸಿನ್ಹಾ ಅವರು ಯಾರೂ ಮೊರೆಯಿಡುವುದಕ್ಕೆ ಮುನ್ನವೇ ಸ್ವಯಂಪ್ರೇರಿತರಾಗಿ, ಮಾರ್ಚ್ 8ರ ಭಾನುವಾರದಂದು ವಿಚಾರಣೆ ನಡೆಸಿ, ಫಲಕಗಳನ್ನು ತೆಗೆಸಬೇಕೆಂದು ಮರುದಿನವೇ ಆಜ್ಞಾಪಿಸಿದುದು ಸ್ತುತ್ಯವಾದ ಕಾರ್ಯ. ಅವರು ಆಧಾರವಾಗಿ ಹಿಡಿದುದು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿದ 2017ರ ತೀರ್ಪನ್ನು. ಆ ಮೊಕದ್ದಮೆಯ ಅರ್ಜಿದಾರರು ನಮ್ಮ ಕರ್ನಾಟಕದ ಉಚ್ಚ ನ್ಯಾಯಾಲಯದಿಂದ ನಿವೃತ್ತರಾದ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ಸರ್ಕಾರ ಮೇಲ್ಮನವಿ ಸಲ್ಲಿಸಿದಾಗ ಸರ್ವೋಚ್ಚ ನ್ಯಾಯಾಲಯವು ವಿಷಯವನ್ನು ವಿಸ್ತೃತ ಪೀಠಕ್ಕೆ ಒಪ್ಪಿಸಿತೇ ಹೊರತು ತಡೆಯಾಜ್ಞೆ ನೀಡಲಿಲ್ಲ. ಆದರೂ ಆದೇಶದಿಂದ ಕೆಳಗಿಳಿಸಬಹುದಾದುದು ಫಲಕಗಳನ್ನು ಮಾತ್ರ. ಅಷ್ಟರೊಳಗೆ ಸಹಸ್ರಾರು ಜನರ ಕೈಸೇರಿದ್ದ ಚಿತ್ರಗಳನ್ನು ಹಿಂದಕ್ಕೆ ಕರೆಯುವ ಬಗೆ ಯಾವ ಪೀಠಕ್ಕೂ ಇಲ್ಲ. ಜೈಲುಶಿಕ್ಷೆಗೆ ಅಪೀಲುಂಟು, ಜುಲ್ಮಾನೆ ಮರಳಿ ಬರುವುದುಂಟು. ಹೋದ ಮಾನಕ್ಕೆ ಅಂತಹ ಏರ್ಪಾಡನ್ನು ನಾವು ಇನ್ನೂ ಕಂಡುಕೊಂಡಿಲ್ಲ.

ಇದು ದೂರದ ಉತ್ತರಪ್ರದೇಶದ ಸಂಗತಿಯೆಂದು ನಾವು ಸಮಾಧಾನಪಡುವಂತಿಲ್ಲ. ವಶಪಡಿಸಿಕೊಂಡ ಒಡವೆಗಳನ್ನು ಮೇಜಿನ ಮೇಲೆ ಹರಡಿ, ಮುಸುಕು ಹಾಕಿದ ಆರೋಪಿಗಳನ್ನು ಹಿಂದೆ ಸಾಲಾಗಿ ನಿಲ್ಲಿಸಿ ತೆಗೆಸಿದ ಛಾಯಾಚಿತ್ರವನ್ನು ನಮ್ಮ ಪತ್ರಿಕೆಗಳಲ್ಲಿ ನೋಡದವರಾರು? ಚೆಕ್ ಅಮಾನ್ಯದ ಪ್ರಕರಣವೊಂದರಲ್ಲಿ ಬಂಧಿತನಾಗಿ, ಕೈಕೋಳದೊಡನೆ ಸಾರ್ವಜನಿಕವಾಗಿ ಕರೆದೊಯ್ಯಲ್ಪಟ್ಟ ಕಾನೂನು ವಿದ್ಯಾರ್ಥಿಯೊಬ್ಬನಿಗೆ 2 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು 2022ರಲ್ಲಿ ನಮ್ಮ ಉಚ್ಚ ನ್ಯಾಯಾಲಯದ ಧಾರವಾಡ ಪೀಠವೇ ಆದೇಶಿಸಿತು.

ಪತ್ರಿಕಾ ಸಂಪಾದಕರಲ್ಲಿ ನನ್ನ ವಿಜ್ಞಾಪನೆ ಇಷ್ಟೇ: ತೀರ್ಪು ಹೊರಬೀಳುವ ತನಕ ಆರೋಪಿಯ ಮುಖವನ್ನೂ ಮನೆಯನ್ನೂ ಅಚ್ಚುಹಾಕದಿರಿ; ಈಗಾಗಲೇ ಹಾಕಿದ್ದರೆ, ಆತನು ಖುಲಾಸೆಯಾದ ದಿನ ಅದೇ ಪುಟದಲ್ಲಿ, ಅಷ್ಟೇ ದಪ್ಪ ಅಕ್ಷರಗಳಲ್ಲಿ ಆ ಸುದ್ದಿಯನ್ನೂ ಪ್ರಕಟಿಸಿರಿ.