ನೋಡಿ ಬಂದ ಊರು, ನೆಲೆಸಿದ ಊರು

ನಮ್ಮ ಮಹಾಕಾವ್ಯಗಳ ಹದಿನೆಂಟು ವರ್ಣನೆಗಳಲ್ಲಿ ಪುರವರ್ಣನೆಯೂ ಒಂದು. ಪ್ರಾಚೀನ ಕವಿಗೆ ಊರೆಂದರೆ ಹೊಗಳತಕ್ಕ ವಸ್ತು. ಅದರ ಉಪ್ಪರಿಗೆಗಳು ಮುಗಿಲನ್ನು ಮುಟ್ಟಬೇಕು, ಕೊಳಗಳಲ್ಲಿ ತಾವರೆ ಅರಳಬೇಕು, ಅಂಗಡಿಬೀದಿಯಲ್ಲಿ ರತ್ನಗಳ ರಾಶಿ ಬಿದ್ದಿರಬೇಕು. ಊರನ್ನು ತೆಗಳುವ ವರ್ಣನೆಗೆ ಲಕ್ಷಣಕಾರರು ಎಡೆಗೊಟ್ಟಿರಲಿಲ್ಲ. ಆ ಎಡೆಯನ್ನು ತುಂಬಿದುದು ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡು. ಹಬೆಯಂತ್ರದ ಬೆನ್ನಹಿಂದೆಯೇ ಗಿರಣಿ ಬಂದಿತು. ಗಿರಣಿಯ ಸುತ್ತ ಹೊಗೆಯ ಊರುಗಳು ಬೆಳೆದುವು. ಕಾದಂಬರಿಕಾರರ ಕೈಯಲ್ಲಿ ಪುರನಿಂದೆಯೆಂಬ ಹೊಸದೊಂದು ವರ್ಣನೆ ಹುಟ್ಟಿಕೊಂಡಿತು. ಕಾಲಾಂತರದಲ್ಲಿ ಗಿರಣಿಗಳು ಮುಚ್ಚಿದುವು, ಹೊಗೆಯೂ ಆರಿತು. ನಿಂದೆ ಮಾತ್ರ ಆರಲಿಲ್ಲ.

ಇದು ಸಾಹಿತ್ಯಕ್ಕೆ ಮಾತ್ರ ಸೇರಿದ ವಿಷಯವಲ್ಲ. ಉದ್ಯೋಗದ ನಿಮಿತ್ತವಾಗಿಯೋ ಕಡಮೆ ಬಾಡಿಗೆಯ ಮನೆ ದೊರೆಯುವುದೆಂದೋ ಒಂದು ಸಂಸಾರವು ಹೆಸರು ಕೆಟ್ಟ ಹಳೆಯ ಕೈಗಾರಿಕೆಯ ಊರಿಗೆ ಹೊರಟುನಿಂತಾಗ, ಬಂಧುಗಳೂ ನೆರೆಹೊರೆಯವರೂ ‘ಆ ಊರಿಗೇ?’ ಎಂದು ಹುಬ್ಬೇರಿಸುವುದು ಲೋಕರೂಢಿ. ಹಾಗೆ ಕೇಳುವವರಲ್ಲಿ ಬಹುಮಂದಿ ಆ ಊರನ್ನು ಕಂಡವರಲ್ಲ; ಕಂಡವರು ಹೇಳಿದುದನ್ನು ಕೇಳಿದವರು, ಇಲ್ಲವೆ ಬರೆದುದನ್ನು ಓದಿದವರು. ಆದಕಾರಣ ಬರೆದವರು ಆ ಊರನ್ನು ಎಲ್ಲಿ ನಿಂತು ಕಂಡರು, ಎಷ್ಟು ಕಾಲ ಕಂಡರು ಎಂದು ಕೇಳುವುದು ವಿಮರ್ಶಕನ ಕರ್ತವ್ಯವಾಗುತ್ತದೆ. ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಆಂಗ್ಲ ಸಾಹಿತ್ಯದ ಮೂರು ಗ್ರಂಥಗಳನ್ನು ಪರಿಶೀಲಿಸೋಣ: ಚಾರ್ಲ್ಸ್ ಡಿಕನ್ಸನ ‘ಹಾರ್ಡ್ ಟೈಮ್ಸ್’, ಶ್ರೀಮತಿ ಎಲಿಜಬೆತ್ ಗ್ಯಾಸ್ಕೆಲಳ ‘ನಾರ್ತ್ ಅಂಡ್ ಸೌತ್’, ಜಾರ್ಜ್ ಆರ್ವೆಲನ ‘ದಿ ರೋಡ್ ಟು ವಿಗನ್ ಪಿಯರ್’.

ಮೊದಲನೆಯ ಎರಡು ಗ್ರಂಥಗಳು ಒಂದೇ ಪತ್ರಿಕೆಯಲ್ಲಿ ಒಂದರ ಹಿಂದೊಂದು ಪ್ರಕಟವಾದುವು. ಡಿಕನ್ಸನೇ ನಡೆಸುತ್ತಿದ್ದ ‘ಹೌಸ್‌ಹೋಲ್ಡ್ ವರ್ಡ್ಸ್’ ಎಂಬ ವಾರಪತ್ರಿಕೆಯಲ್ಲಿ 1854ರ ಏಪ್ರಿಲಿನಿಂದ ಆಗಸ್ಟಿನವರೆಗೆ ಅವನ ಕಾದಂಬರಿ ಬಂದಿತು. ಸೆಪ್ಟೆಂಬರಿನಿಂದ 1855ರ ಜನವರಿಯವರೆಗೆ ಗ್ಯಾಸ್ಕೆಲಳದು. ಎರಡರ ವಸ್ತುವೂ ಹತ್ತಿಗಿರಣಿಯ ಊರು, ಎರಡರಲ್ಲಿಯೂ ಒಡೆಯರಿಗೂ ಕೆಲಸಗಾರರಿಗೂ ಕಲಹ. ಆದರೆ ಎರಡು ಊರುಗಳಿಗೂ ಅಜಗಜಾಂತರ.

ಡಿಕನ್ಸನು 1854ರ ಜನವರಿಯ ಕೊನೆಯಲ್ಲಿ ಪ್ರೆಸ್ಟನ್ ಪಟ್ಟಣಕ್ಕೆ ಹೋದನು. ಅಲ್ಲಿಯ ಗಿರಣಿಗಳಿಗೂ ನೇಕಾರರಿಗೂ ವಿವಾದ ಬೆಳೆದು ತಿಂಗಳುಗಟ್ಟಲೆ ಕೆಲಸ ನಿಂತಿದ್ದಿತು. ಕೆಲವು ಹೊತ್ತು ಅಲ್ಲಿದ್ದು, ಸಭೆಗಳನ್ನು ನೋಡಿ, ಲಂಡನ್ನಿಗೆ ಹಿಂದಿರುಗಿದನು. ಅನಂತರ ಅವನು ಕಟ್ಟಿದ ಊರು ‘ಕೋಕ್‌ಟೌನ್’. ಅದರ ವರ್ಣನೆ ಆಂಗ್ಲಗದ್ಯದಲ್ಲಿ ಪ್ರಸಿದ್ಧವಾದುದು: ಎಂದಿಗೂ ಸುರುಳಿಬಿಚ್ಚದ ಸರ್ಪಗಳಂತಹ ಹೊಗೆ, ಬಣ್ಣದ ಕೊಳೆಯಿಂದ ಕಂದಿದ ಹೊಳೆ, ಮಂಕುಹಿಡಿದ ಆನೆಯ ತಲೆಯಂತೆ ಮೇಲೆ ಕೆಳಗೆ ಆಡುವ ಯಂತ್ರದ ದಂಡ. ಪ್ರತಿಭೆಯಲ್ಲಿ ಇದಕ್ಕೆ ಎಣೆಯಿಲ್ಲ. ಆದರೆ ಅದೇ ವರ್ಣನೆಯಲ್ಲಿ ಆ ಊರಿನ ಬೀದಿಗಳೆಲ್ಲ ಒಂದೇ ತೆರ, ಅಲ್ಲಿಯ ಜನರೂ ಒಂದೇ ತೆರ ಎಂಬ ಮಾತು ಬರುತ್ತದೆ. ಜನರೆಲ್ಲರೂ ಒಂದೇ ತೆರ ಕಾಣುವುದು ಯಾರಿಗೆ? ಆ ಬೀದಿಯಲ್ಲಿ ಹಾದುಹೋಗುವವನಿಗೆ. ಅಲ್ಲಿ ಹಾಲು ಕೊಳ್ಳುವವನಿಗೂ ಸಾಲ ಕೇಳುವವನಿಗೂ ಹಾಗೆ ಕಾಣಲಾರದು. ಡಿಕನ್ಸನ ಗುರಿ ಬೇರೆಯಿದ್ದಿತು. ಮನುಷ್ಯನನ್ನು ಲೆಕ್ಕದ ಅಂಕಿಯಾಗಿ ಕಾಣುವ ಒಂದು ತತ್ತ್ವವನ್ನು ಅವನು ಖಂಡಿಸಹೊರಟಿದ್ದನು. ಆ ಖಂಡನೆಗೆ ತಕ್ಕ ಭಯಂಕರವಾದ ಹಿನ್ನೆಲೆ ಬೇಕಾಗಿದ್ದಿತು. ಅದು ಅವನಿಗೆ ದೊರೆಯಿತು. ಊರು ದೊರೆಯಲಿಲ್ಲ.

ಗ್ಯಾಸ್ಕೆಲಳ ಸ್ಥಿತಿ ಬೇರೆ. ಲಂಡನ್ನಿನಲ್ಲಿ ಹುಟ್ಟಿ, ಚೆಷೈರಿನ ನಟ್ಸ್‌ಫರ್ಡ್ ಎಂಬ ಸಣ್ಣ ಪಟ್ಟಣದಲ್ಲಿ ತಾಯಿಯ ಸಹೋದರಿಯ ಆಶ್ರಯದಲ್ಲಿ ಬೆಳೆದ ಈಕೆ, 1832ರಲ್ಲಿ ವಿಲಿಯಂ ಗ್ಯಾಸ್ಕೆಲ್ ಎಂಬ ಪಾದ್ರಿಯ ಕೈಹಿಡಿದು ಮ್ಯಾಂಚೆಸ್ಟರಿಗೆ ಬಂದಳು. 1865ರಲ್ಲಿ ಸಾಯುವವರೆಗೆ ಅದೇ ಅವಳ ಊರು. ಅಲ್ಲಿಯೇ ಮಕ್ಕಳನ್ನು ಹೆತ್ತಳು. ಒಬ್ಬನೇ ಮಗನನ್ನು 1845ರಲ್ಲಿ ಜ್ವರಕ್ಕೆ ಒಪ್ಪಿಸಿ, ಆ ದುಃಖವನ್ನು ಮರೆಯಲೆಂದು ‘ಮೇರಿ ಬಾರ್ಟನ್’ ಎಂಬ ಮೊದಲನೆಯ ಕಾದಂಬರಿಯನ್ನು ಬರೆದಳು. ‘ನಾರ್ತ್ ಅಂಡ್ ಸೌತ್’ ಬರೆಯುವ ವೇಳೆಗೆ ಇಪ್ಪತ್ತೆರಡು ವರ್ಷಗಳ ಹೊಗೆಯನ್ನು ಅವಳು ಕುಡಿದಿದ್ದಳು.

ಕಥೆಯ ಸಾರಾಂಶವಿಷ್ಟು. ತೆಂಕಣ ಸೀಮೆಯ ಹೆಲ್ಸ್‌ಟನ್ ಎಂಬ ಹಳ್ಳಿಯ ಪಾದ್ರಿಯಾದ ಹೇಲ್ ಎಂಬಾತನು ಧರ್ಮಸಂದೇಹದಿಂದ ತನ್ನ ಪದವಿಯನ್ನು ತೊರೆದು, ಮಡದಿಯನ್ನೂ ಮಗಳು ಮಾರ್ಗರೆಟಳನ್ನೂ ಕರೆದುಕೊಂಡು, ಬಡಗಣ ಮಿಲ್ಟನ್ ಎಂಬ ಗಿರಣಿಯೂರಿಗೆ ಮನೆಪಾಠದ ಉಪಾಧ್ಯಾಯನಾಗಿ ಬರುತ್ತಾನೆ. ಮಿಲ್ಟನ್ ಎಂದರೆ ಹೆಸರು ಮರೆಸಿದ ಮ್ಯಾಂಚೆಸ್ಟರು. ಊರು ಕಣ್ಣಿಗೆ ಬೀಳುವ ಮೊದಲೇ ಸೀಸದ ಬಣ್ಣದ ಮುಗಿಲೊಂದು ದಿಗಂತದಲ್ಲಿ ತೂಗುತ್ತಿರುವುದು ಮಾರ್ಗರೆಟಳಿಗೆ ಕಾಣುತ್ತದೆ. ಊರಿನ ಕೆಟ್ಟ ಹೆಸರೂ ಹೀಗೆಯೇ ಅಲ್ಲವೇ? ಊರಿಗಿಂತ ಮೊದಲು ನಮ್ಮನ್ನು ಎದುರುಗೊಳ್ಳುತ್ತದೆ.

ಇಲ್ಲಿಂದ ಮುಂದೆ ಗ್ಯಾಸ್ಕೆಲಳ ಬರವಣಿಗೆಯ ಹದವನ್ನು ವಾಚಕರು ಗಮನಿಸಬೇಕು. ಅವಳು ಮೊದಲು ಹೇಳುವುದು ಬಾಡಿಗೆಮನೆಯ ವಿಚಾರ: ದಕ್ಷಿಣದಲ್ಲಿ ವಿಶಾಲವಾದ ಮನೆಗೆ ಸಾಕಾಗುತ್ತಿದ್ದ ಹಣಕ್ಕೆ ಇಲ್ಲಿ ಇಕ್ಕಟ್ಟಾದ ಮನೆ, ಅದರ ಗೋಡೆಗಳಿಗೆ ಅಂಟಿಸಿದ ಕಣ್ಣುಕುಕ್ಕುವ ಹೂವಿನ ಕಾಗದ. ಅದನ್ನು ತೆಗೆಸಿಕೊಡೆಂದು ಹೇಲ್ ಕೇಳಿದಾಗ ಮನೆಯೊಡೆಯನು ಒಪ್ಪುವುದಿಲ್ಲ. ಥಾರ್ನ್‌ಟನ್ ಎಂಬ ಗಿರಣಿಯೊಡೆಯನು ಹೇಳಿದೊಡನೆ ತೆಗೆಸುತ್ತಾನೆ. ಈ ಉಪಕಾರವನ್ನು ಮಾಡಿದವನು ಯಾರೆಂದು ಹೇಲ್ ದಂಪತಿಗಳಿಗೆ ತಿಳಿಯದು. ಊರಿನ ಸೊಗಡು, ಅಧಿಕಾರದ ಬಲ, ಬಿಗುಮೋರೆಯ ಒಡೆಯನೊಬ್ಬನ ಮರೆಯಾದ ಸೌಜನ್ಯ, ಈ ಮೂರೂ ಒಂದು ಗೋಡೆಯ ಕಾಗದದಲ್ಲಿ ಅಡಗಿವೆ. ಮನೆ ಹೂಡಿದವಳಿಗೆ ಮಾತ್ರ ಹೊಳೆಯುವ ಸಂಗತಿಯಿದು.

ಎರಡನೆಯ ಸಂದರ್ಭ ಇದಕ್ಕಿಂತ ಮಹತ್ತರವಾದುದು. ಮಾರ್ಗರೆಟಳಿಗೆ ಹಿಗಿನ್ಸ್ ಎಂಬ ಕೆಲಸಗಾರನೂ ಅವನ ರೋಗಿಷ್ಠೆ ಮಗಳು ಬೆಸ್ಸಿಯೂ ಪರಿಚಯವಾಗುತ್ತಾರೆ. ಹಳ್ಳಿಯಲ್ಲಿ ಬಡವರ ಮನೆಗೆ ಹೋಗಿಬರುವುದು ಪಾದ್ರಿಯ ಮಗಳ ವಾಡಿಕೆ. ಅದೇ ಧೋರಣೆಯಲ್ಲಿ ಅವಳು ಅವರ ಹೆಸರನ್ನೂ ಮನೆಯನ್ನೂ ವಿಚಾರಿಸುತ್ತಾಳೆ. ‘ಏಕೆ ಕೇಳುತ್ತೀರಿ?’ ಎಂದು ಹಿಗಿನ್ಸ್ ಮರುಪ್ರಶ್ನೆ ಹಾಕುತ್ತಾನೆ. ಕರೆಯದೆ ಬರುವ ಅಪರಿಚಿತರು ತನ್ನ ಮನೆಗೆ ಬೇಕಾಗಿಲ್ಲವೆಂಬುದು ಅವನ ಇಂಗಿತ. ಮಾರ್ಗರೆಟ್ ಒಂದು ನಿಮಿಷ ನಾಚುತ್ತಾಳೆ. ಅನಂತರ ಅವನೇ ಬರಹೇಳುತ್ತಾನೆ. ದಯೆ ತೋರಹೋದವಳು ಅತಿಥಿಯಾಗಿ ಒಳಹೊಗುವಳು. ಕಾದಂಬರಿಯ ನಿಜವಾದ ತಿರುವು ಇದೇ ಎಂದು ನಮ್ಮ ಮತ. ಕಲ್ಲುತೂರಾಟದ ಪ್ರಸಿದ್ಧವಾದ ಪ್ರಕರಣವಲ್ಲ. ಹೆಸರು ಕೆಟ್ಟ ಊರಿಗೆ ಹೋಗುವವನು ಬಿಡಬೇಕಾದುದು ಅಸಹ್ಯವನ್ನು ಮಾತ್ರವಲ್ಲ, ಕನಿಕರವನ್ನು ಕೂಡ. ಏಕೆಂದರೆ ಎರಡೂ ಮೇಲಿನಿಂದ ಕೆಳಗೆ ನೋಡುತ್ತವೆ.

ಹಾಗೆಂದು ಗ್ಯಾಸ್ಕೆಲಳು ಊರಿನ ಕೇಡನ್ನು ಮುಚ್ಚಿಟ್ಟವಳಲ್ಲ. ಬೆಸ್ಸಿಯು ಸಾಯುವುದು ಹತ್ತಿ ಹಿಂಜುವ ಕೋಣೆಯ ನಯವಾದ ಧೂಳಿಯು ಶ್ವಾಸಕೋಶಕ್ಕೆ ಸೇರಿ. ಆ ಧೂಳಿಯನ್ನು ಹೊರಗೆ ಸೆಳೆಯುವ ದೊಡ್ಡ ಚಕ್ರವೊಂದುಂಟು. ಅದಕ್ಕೆ ಐನೂರು ಆರುನೂರು ಪೌಂಡು ಬೇಕು, ಅದರಿಂದ ಲಾಭವಿಲ್ಲ. ಆದಕಾರಣ ಬಹುಮಂದಿ ಒಡೆಯರು ಅದನ್ನು ಹಾಕಿಸರು. ಇದನ್ನು ಆ ಹುಡುಗಿಯ ಬಾಯಿಂದಲೇ ಕೇಳುತ್ತೇವೆ. ಡಿಕನ್ಸನ ಹೊಗೆಯ ಸರ್ಪವು ನಮ್ಮನ್ನು ಬೆರಗುಗೊಳಿಸುತ್ತದೆ. ಈ ಚಕ್ರದ ಬೆಲೆಯಾದರೋ ಯಾರು ಏನು ಮಾಡಿದ್ದರೆ ಬೆಸ್ಸಿ ಬದುಕುತ್ತಿದ್ದಳೆಂಬುದನ್ನು ತಿಳಿಸುತ್ತದೆ. ಊರನ್ನು ನಿಂದಿಸುವುದಕ್ಕೂ ಊರಿನ ಅನ್ಯಾಯವನ್ನು ಎತ್ತಿತೋರುವುದಕ್ಕೂ ಇರುವ ಅಂತರವಿದು.

ಕಥೆಯ ಉತ್ತರಾರ್ಧದಲ್ಲಿ ಎರಡು ಸನ್ನಿವೇಶಗಳು ಜೋಡಿಯಾಗಿ ನಿಂತಿವೆ. ಮುಷ್ಕರದಲ್ಲಿ ಸೋತು ಕೆಲಸ ಕಳೆದುಕೊಂಡ ಹಿಗಿನ್ಸನು ದಕ್ಷಿಣಕ್ಕೆ ಹೋಗಿ ಬೇಸಾಯದ ಕೂಲಿ ಮಾಡುವೆನೆಂದಾಗ, ಒಂದು ಕಾಲಕ್ಕೆ ಆ ಸೀಮೆಯನ್ನು ಸ್ವರ್ಗವೆಂದು ಬಣ್ಣಿಸಿದ ಮಾರ್ಗರೆಟಳೇ ಅವನನ್ನು ತಡೆಯುತ್ತಾಳೆ: ಅಲ್ಲಿಯ ಮಳೆಚಳಿಯ ದುಡಿಮೆಯನ್ನು ನಿನ್ನ ಮೈ ತಾಳದು, ಮಾತುಕತೆಯಿಲ್ಲದ ಆ ಬಾಳನ್ನು ನಿನ್ನ ಮನಸ್ಸು ತಾಳದು ಎಂದು. ಮುಂದೆ ಅವಳೇ ಹೆಲ್ಸ್‌ಟನ್ನಿಗೆ ಹೋಗಿನೋಡುತ್ತಾಳೆ. ಹಳೆಯ ಮನೆ ಗುರುತು ಸಿಗದಂತೆ ಮಾರ್ಪಟ್ಟಿದೆ. ಮೂಢನಂಬಿಕೆಗೆ ಬಿದ್ದ ಹೆಂಗಸೊಬ್ಬಳು ನೆರೆಯವಳ ಬೆಕ್ಕನ್ನು ಕದ್ದು ಜೀವಸಹಿತ ಸುಟ್ಟ ಕಥೆ ಅವಳ ಕಿವಿಗೆ ಬೀಳುತ್ತದೆ. ದೂರದ ಬೆಟ್ಟ ನುಣ್ಣಗೆ ಎಂಬ ನಮ್ಮ ಗಾದೆಗೆ ಇದಕ್ಕಿಂತ ಉತ್ತಮವಾದ ವ್ಯಾಖ್ಯಾನ ದೊರೆಯದು. ಆ ಗಾದೆಗೆ ಇನ್ನೊಂದು ಮಗ್ಗುಲೂ ಉಂಟೆಂದು ಈ ಕಾದಂಬರಿ ಸಾರುತ್ತದೆ: ದೂರಕ್ಕೆ ಕಪ್ಪಾಗಿ ಕಂಡುದು ಹತ್ತಿರದಲ್ಲಿ ಕಪ್ಪಾಗಿಯೇ ಇರಬೇಕೆಂಬ ನಿಯಮವಿಲ್ಲ.

ಇನ್ನು ಆರ್ವೆಲನ ವಿಚಾರ. ನಮ್ಮ ಬಿಹಾರದ ಮೋತಿಹಾರಿಯಲ್ಲಿ 1903ರಲ್ಲಿ ಹುಟ್ಟಿದ ಈತನು 1936ರ ಮೊದಲ ತಿಂಗಳುಗಳಲ್ಲಿ ಉತ್ತರದ ಗಣಿಯೂರುಗಳಲ್ಲಿ ತಿರುಗಿ, 1937ರಲ್ಲಿ ತನ್ನ ಗ್ರಂಥವನ್ನು ಹೊರತಂದನು. ‘ವಿಗನ್ ಪಿಯರ್’ ಎಂಬುದು ಮೂಲತಃ ಒಂದು ಹಾಸ್ಯ. ಕಡಲಿಲ್ಲದ ಕಲ್ಲಿದ್ದಲಿನ ಊರಿಗೆ ಕಡಲತೀರದ ವಿಹಾರಕಟ್ಟೆಯನ್ನು ಆರೋಪಿಸಿ ರಂಗಭೂಮಿಯ ವಿದೂಷಕರು ನಗಿಸುತ್ತಿದ್ದರು. ಕಾಲುವೆಯ ದಡದಲ್ಲಿ ಕಲ್ಲಿದ್ದಲು ಸುರಿಯುವ ಕಟ್ಟೆಯೊಂದಕ್ಕೆ ಆ ಹೆಸರು ಅಂಟಿಕೊಂಡಿತು. ಗ್ರಂಥವು ಆರಂಭವಾಗುವುದು ಹೊಲಸಾದ ಬಾಡಿಗೆಯ ಬಿಡಾರವೊಂದರ ವರ್ಣನೆಯಿಂದ. ಆ ಬಿಡಾರಕ್ಕೆ ಮೊದಲು ಅವನು ವಿಗನ್ನಿನ ಬೇರೊಂದು ಮನೆಯಲ್ಲಿ ಇದ್ದನೆಂಬುದು ಅವನ ದಿನಚರಿಯಿಂದ ತಿಳಿಯುತ್ತದೆ. ಬಾಗಿಲಲ್ಲಿ ನಮ್ಮನ್ನು ಎದುರುಗೊಳ್ಳುವ ಮರ್ಯಾದೆ ಆ ಮನೆಗೆ ದೊರೆಯಲಿಲ್ಲ.

ಇನ್ನೂ ಸೂಕ್ಷ್ಮವಾದ ಒಂದು ವ್ಯತ್ಯಾಸವುಂಟು. ಚಳಿಯಲ್ಲಿ ಮೊಣಕಾಲೂರಿ, ಕಟ್ಟಿಕೊಂಡ ಕೊಳಾಯಿಗೆ ಕೋಲು ತೂರುತ್ತಿರುವ ಹೆಂಗಸಿನ ಚಿತ್ರವು ಈ ಗ್ರಂಥದ ಅತ್ಯಂತ ಮರ್ಮಸ್ಪರ್ಶಿಯಾದ ಚಿತ್ರ. ಗ್ರಂಥದಲ್ಲಿ ಆರ್ವೆಲನು ಅವಳನ್ನು ಕಾಣುವುದು ಊರು ಬಿಟ್ಟುಹೋಗುವ ರೈಲಿನಿಂದ. ದಿನಚರಿಯಲ್ಲಾದರೋ ಅವನು ಓಣಿಯೊಂದರಲ್ಲಿ ನಡೆದುಹೋಗುತ್ತ ಅವಳನ್ನು ಕಂಡನು. ಅವಳು ತಲೆಯೆತ್ತಿದಳು, ಅವರಿಬ್ಬರ ಕಣ್ಣುಗಳು ಕೂಡಿದುವು. ನಡೆಯುತ್ತಿದ್ದವನು ಗ್ರಂಥದಲ್ಲಿ ತನ್ನನ್ನು ತಾನೇ ರೈಲಿಗೆ ಹತ್ತಿಸಿಕೊಂಡಿದ್ದಾನೆ. ಕಲೆಯ ದೃಷ್ಟಿಯಿಂದ ಇದು ಚತುರವಾದ ಮಾರ್ಪಾಡು. ಆದರೆ ಓಣಿಯಲ್ಲಿ ನಿಂತವನು ಬಾಯಿತೆರೆದು ಒಂದು ಮಾತನಾಡಬಹುದಾಗಿದ್ದಿತು; ರೈಲಿನಲ್ಲಿದ್ದವನಿಗೆ ಆ ಬಾಧ್ಯತೆಯಿಲ್ಲ. ಓದುಗನೂ ಅವನೊಡನೆ ರೈಲಿನಲ್ಲಿ ಕುಳಿತು, ಮರುಗಿ, ಮುಂದಿನ ನಿಲ್ದಾಣಕ್ಕೆ ಸಾಗುತ್ತಾನೆ.

ಆರ್ವೆಲನಿಗೆ ಅನ್ಯಾಯವಾಗಬಾರದು. ಅವನು ಗಣಿಯೊಳಗೆ ಇಳಿದು, ಸೊಂಟ ಬಾಗಿಸಿ ಬಹುದೂರ ನಡೆದು, ಆ ಕೆಲಸ ತನ್ನಿಂದಾಗದೆಂದು ಒಪ್ಪಿಕೊಂಡವನು. ಕೂಲಿ, ಬಾಡಿಗೆ, ಮನೆಗಳ ಕೋಣೆಗಳ ಲೆಕ್ಕವನ್ನು ಶ್ರದ್ಧೆಯಿಂದ ಸಂಗ್ರಹಿಸಿದವನು. ಹೊರಗಿನವನಿಗೆ ಮಾತ್ರ ಕಾಣುವ ಸತ್ಯವೂ ಉಂಟು; ದಿನವೂ ಕೊಳೆಯ ನಡುವೆ ಇರುವವನ ಮೂಗು ಅದನ್ನು ಮರೆಯುತ್ತದೆ. ಗ್ಯಾಸ್ಕೆಲಳಲ್ಲಿಯೂ ದೋಷಗಳಿಲ್ಲದೆ ಇಲ್ಲ. ಸಾವುಗಳು ಒಂದರಮೇಲೊಂದು ಬಂದು ಓದುಗನ ಕಣ್ಣೀರನ್ನು ಬತ್ತಿಸುತ್ತವೆ. ದಿವಾಳಿಯೆದ್ದ ಥಾರ್ನ್‌ಟನ್ನನಿಗೆ ಮಾರ್ಗರೆಟಳ ಕೈಗೆ ಬಂದ ಆಸ್ತಿಯಿಂದ ನೆರವಾಗಿ, ಕಥೆ ಮದುವೆಯಲ್ಲಿ ಮುಗಿಯುವುದು ಒಡೆಯ-ಆಳುಗಳ ಸಮಸ್ಯೆಗೆ ಪರಿಹಾರವಲ್ಲ. ಅವಳಿಗೆ ಮ್ಯಾಂಚೆಸ್ಟರಿನ ಮೇಲೆ ಮೋಹವಿದ್ದಿತೆಂದೂ ಹೇಳಲಾಗದು: ತನ್ನ ಕಡೆಗಾಲಕ್ಕೆಂದು ದಕ್ಷಿಣದ ಹ್ಯಾಂಪ್‌ಷೈರಿನಲ್ಲಿ ಗಂಡನಿಗೂ ತಿಳಿಸದೆ ಮನೆ ಕೊಂಡು, ಅಲ್ಲಿಯೇ ತೀರಿಕೊಂಡಳು. ಇದರಿಂದ ನಮ್ಮ ವಾದಕ್ಕೆ ಹಾನಿಯಿಲ್ಲ, ಬಲವೇ ಬರುತ್ತದೆ. ಒಂದು ಊರನ್ನು ಸತ್ಯವಾಗಿ ಬರೆಯಲು ಅದನ್ನು ಪ್ರೀತಿಸಲೇಬೇಕೆಂಬುದಿಲ್ಲ. ಅದಕ್ಕೆ ಉತ್ತರ ಹೇಳಬೇಕಾದ ಸ್ಥಾನದಲ್ಲಿ ಇದ್ದರೆ ಸಾಕು. ಮರುದಿನ ಬೀದಿಯಲ್ಲಿ ಹಿಗಿನ್ಸನನ್ನು ಎದುರಿಸಬೇಕಾದವಳು ಅವನನ್ನು ‘ಒಂದೇ ತೆರದ ಜನ’ರಲ್ಲಿ ಸೇರಿಸಲಾರಳು.

ಈಗ ಆ ಊರುಗಳ ಗಿರಣಿಗಳೂ ಗಣಿಗಳೂ ಮುಚ್ಚಿವೆ. ವಿಗನ್ನಿನ ಕಾಲುವೆಯ ದಡದಲ್ಲಿ 1986ರಲ್ಲಿ ಒಂದು ಸ್ಮಾರಕ ವಸ್ತುಸಂಗ್ರಹಾಲಯ ತೆರೆಯಿತು, 2007ರಲ್ಲಿ ಅದೂ ಮುಚ್ಚಿತು. ಅದರ ಬಳಿಯ ಪಾನಗೃಹವೊಂದಕ್ಕೆ ಆರ್ವೆಲನ ಹೆಸರನ್ನೇ ಇಟ್ಟಿದ್ದರು. ಹೆಸರು ಕೆಡಿಸಿದವನ ಹೆಸರಿನಲ್ಲಿ ಅತಿಥಿಗಳನ್ನು ಕರೆಯುವ ಆ ಊರಿನ ವಿನೋದಬುದ್ಧಿಯನ್ನು ಮೆಚ್ಚಬೇಕು. ಮ್ಯಾಂಚೆಸ್ಟರಿನ ಗ್ಯಾಸ್ಕೆಲಳ ಮನೆ ದುರಸ್ತಿಯಾಗಿ 2014ರಿಂದ ಸಾರ್ವಜನಿಕರಿಗೆ ತೆರೆದಿದೆ.

ನಮ್ಮ ನಾಡಿನಲ್ಲಿಯೂ ಇಂಗ್ಲಿಷರ ಕಂಪನಿಯೇ ಬೆಳೆಸಿದ ಇಂಥದೊಂದು ಊರುಂಟು: ಕೋಲಾರದ ಚಿನ್ನದ ಗಣಿ. ಜಾನ್ ಟೇಲರ್ ಕಂಪನಿಯವರು 1880ರ ಸುಮಾರಿಗೆ ಅಲ್ಲಿ ಕೈಹಾಕಿದರು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಮೊದಲು ಹರಿದುದು ಅಲ್ಲಿಗೆ. ಮೂರು ಕಿಲೋಮೀಟರಿಗಿಂತ ಆಳಕ್ಕೆ ಇಳಿದ ಆ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದುವು. ಇಂದು ಅಲ್ಲಿಯ ಅನೇಕರು ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಬರುತ್ತಾರೆ. ಆದರೆ ಆ ಊರಿನ ಹೆಸರು ಕೇಳಿದೊಡನೆ ಬಹುಮಂದಿಯ ಕಣ್ಣಮುಂದೆ ನಿಲ್ಲುವುದು 2018ರ ಚಲನಚಿತ್ರವೊಂದರ ಕತ್ತಲೆಯ ಗಣಿ, ಕೊಡಲಿ, ನೆತ್ತರು. ಅದು ಕಲ್ಪಿತ ಕಥೆ. ಕಲ್ಪಿಸುವ ಹಕ್ಕು ಕಲಾವಿದನಿಗೆ ಉಂಟು. ಕಲ್ಪನೆಯನ್ನು ಊರಿನ ಚರಿತ್ರೆಯೆಂದು ಓದಿಕೊಳ್ಳುವ ತಪ್ಪು ಪ್ರೇಕ್ಷಕರಾದ ನಮ್ಮದು.

ಹೆಸರು ಕೆಟ್ಟ ಊರಿಗೆ ಹೊರಟ ಸಂಸಾರದ ಪೆಟ್ಟಿಗೆಯಲ್ಲಿ ಈ ಮೂರು ಗ್ರಂಥಗಳಲ್ಲಿ ಒಂದಕ್ಕೆ ಮಾತ್ರ ಎಡೆಯಿದ್ದರೆ, ‘ನಾರ್ತ್ ಅಂಡ್ ಸೌತ್’ ಅನ್ನು ಇಡಬೇಕೆಂದು ನಮ್ಮ ಸಲಹೆ. ಅದು ಧೈರ್ಯ ತುಂಬುವ ಗ್ರಂಥವೆಂದಲ್ಲ. ಹೊಗೆಯನ್ನೂ ಹಸಿವನ್ನೂ ಸಾವನ್ನೂ ಅದು ಎಲ್ಲಿಯೂ ಕಡಮೆ ಮಾಡಿ ಹೇಳುವುದಿಲ್ಲ. ಹೊಸ ಊರಿನಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ ‘ಈ ಊರು ಎಂಥದು?’ ಎಂಬುದಲ್ಲ, ‘ನಿಮ್ಮ ಮನೆಗೆ ಬರಬಹುದೇ?’ ಎಂಬುದು, ಮತ್ತು ಆ ಪ್ರಶ್ನೆಗೆ ಇಲ್ಲವೆನ್ನುವ ಹಕ್ಕು ಆ ಮನೆಯವರಿಗೆ ಉಂಟು ಎಂಬುದನ್ನು ಅದು ಕಲಿಸುತ್ತದೆ.