ಅವಶ್ಯ, ಅಗತ್ಯ, ಅನಿವಾರ್ಯ: ಒಂದು ಪದವಿಚಾರ

ಇಂಗ್ಲಿಷಿನ 'ನೆಸೆಸಿಟಿ' ಎಂಬ ತಾತ್ವಿಕ ಪರಿಭಾಷೆಗೆ ನಮ್ಮ ವಿಮರ್ಶೆಯಲ್ಲಿ ಮೂರು ಪದಗಳು ಓಡಾಡ್ತವೆ: ಅವಶ್ಯ, ಅಗತ್ಯ, ಅನಿವಾರ್ಯ. ಇವು ಮೂರೂ ಒಂದೇ ಎಂಬಂತೆ ಬಳಸುತ್ತೇವೆ. ಹಾಗೆ ಬಳಸಿದಾಗ ಕೃತಿಯ ಓದೇ ದಾರಿ ತಪ್ಪುತ್ತದೆ ಎಂಬುದು ನನ್ನ ವಾದ.

ಮೂರೂ ಸಂಸ್ಕೃತದಿಂದ ಬಂದ ನಿಷೇಧರೂಪಗಳು. ತಡೆಯಲಾಗದ್ದು ಅನಿವಾರ್ಯ. ಬೇರೆ ಗತಿ ಇಲ್ಲದ್ದರಿಂದ ಬರುವುದು ಅಗತ್ಯ. ವಶಕ್ಕೆ ಒಳಪಡದ್ದು ಅವಶ್ಯ. ಈ ಕೊನೆಯದನ್ನು ಜೈನರು ತಿರುಗಿಸಿ ನೋಡಿದರು. ಕುಂದಕುಂದಾಚಾರ್ಯರ 'ನಿಯಮಸಾರ'ದ ಪ್ರಕಾರ, ಅನ್ಯರ ವಶದಲ್ಲಿ ಇಲ್ಲದವನು ಮಾಡುವ ಕರ್ಮವೇ ಆವಶ್ಯಕ. ಸಾಮಾಯಿಕ, ಪ್ರತಿಕ್ರಮಣ ಮೊದಲಾದ ಷಡಾವಶ್ಯಕಗಳನ್ನು ಈ ಅರ್ಥದಲ್ಲೇ ಓದಬೇಕು. ಅಂದರೆ ಇಲ್ಲಿ ಆವಶ್ಯಕತೆ ಸ್ವಾತಂತ್ರ್ಯದ ವಿರುದ್ಧಪದವಲ್ಲ, ಅದರ ಗುರುತು.

ದೇಸಿಯಾದ 'ಬೇಕು' ಇನ್ನೂ ಸ್ವಾರಸ್ಯ. ಹಳಗನ್ನಡದಲ್ಲಿ ಅದು 'ಬೇಳ್ಕುಂ'. ತಮಿಳಿನ 'ವೇಂಡುಂ' ಅದರ ನಂಟ. 'ನನಗೆ ಹೋಗಬೇಕು' ಅಂದ್ರೆ ಆಸೆ, 'ನಾನು ಹೋಗಬೇಕು' ಅಂದ್ರೆ ಕಟ್ಟುಪಾಡು. ಕ್ರಿಯಾಪದ ಅದೇ, ಬದಲಾದದ್ದು ವಿಭಕ್ತಿ ಮಾತ್ರ.

ಅನಂತಮೂರ್ತಿಯವರ 'ಸಂಸ್ಕಾರ'ವನ್ನು (1965) ಚರ್ಚಿಸುವಾಗ ಪ್ರಾಣೇಶಾಚಾರ್ಯ ಮತ್ತು ಚಂದ್ರಿಯ ಕೂಟವನ್ನು 'ಅನಿವಾರ್ಯ' ಅಂತ ಬರೆದುಬಿಡುತ್ತೇವೆ. ಆದರೆ ಆಚಾರ್ಯರನ್ನು ಕಾಡುವುದೇ ಅದು: ಸಂಕಲ್ಪವಿಲ್ಲದೆ ಆದದ್ದಕ್ಕೆ ತಾನು ಹೊಣೆಯೇ, ಅಲ್ಲವೇ? ಅನಿವಾರ್ಯ ಅಂದ ಕೂಡಲೇ ಕಾದಂಬರಿಯ ಪ್ರಶ್ನೆಗೆ ನಾವೇ ಉತ್ತರ ಕೊಟ್ಟು ಪುಸ್ತಕ ಮುಚ್ಚಿದಂತೆ.

ಇದು ಬರೀ ಪದಕೋಶದ ಜಗಳ ಅಲ್ಲ. ನಾನು ಪೊಳ್ಳಾಚಿ ಬಳಿಯ ನೆಗಮಂನವಳು. ಮನೆಯಲ್ಲಿ ದೇವಾಂಗರ ಕನ್ನಡ, ಬೀದಿಯಲ್ಲಿ ತಮಿಳು. ನೆಗಮಂ ಹತ್ತಿ ಸೀರೆಗೆ 2023ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಆದರೂ ನೇಕಾರರ ಮಕ್ಕಳು ಮಗ್ಗ ಬಿಟ್ಟರೆ, ಮನೆಮಾತಿನ ಲಿಪಿ ಓದಲು ಬಾರದಿದ್ದರೆ, 'ಅನಿವಾರ್ಯ ಬಿಡಿ' ಅಂತಾರೆ. 'ಅಗತ್ಯ' ಅನ್ನಿ, ಒಪ್ಪುತ್ತೇನೆ. ಗತಿ ಇಲ್ಲ ಅಂದಾಗ ಆ ಗತಿಯನ್ನು ಮುಚ್ಚಿದ್ದು ಕೂಲಿಯೋ, ಪವರ್‌ಲೂಮೋ, ಪಾಠಪಟ್ಟಿಯೋ ಎಂದು ಕೇಳಬಹುದು. 'ಅನಿವಾರ್ಯ'ದೊಳಗೆ ಆ ಪ್ರಶ್ನೆಗೆ ಜಾಗವೇ ಇಲ್ಲ.

ಆದ್ದರಿಂದ ನನ್ನ ಸಲಹೆ ಇಷ್ಟೇ. ಕೃತಿಯಲ್ಲಿ ನಿಜಕ್ಕೂ ತಡೆಯಲಾಗದ್ದಕ್ಕೆ, ಅಂದರೆ ಸಾವಿಗೆ, ಮುಪ್ಪಿಗೆ, 'ಅನಿವಾರ್ಯ'ವನ್ನು ಉಳಿಸಿಕೊಳ್ಳೋಣ. ಮಿಕ್ಕ ಕಡೆ ಯಾರ ವಶ, ಯಾವ ಗತಿ ಅಂತ ಮೊದಲು ಕೇಳೋಣ. ಚರ್ಚೆಗೆ ಸ್ವಾಗತ.