ಪುಕ್ಕಕ್ಕೆ ಮರುಳಾಗದೆ ಹಕ್ಕಿಚಿತ್ರ ನೋಡುವುದು

ಆನ್‌ಲೈನ್ ತರಗತಿಗೆ ಸೇರಿದ ಗೆಳೆಯರು ತಾವು ಬಿಡಿಸಿದ ಹಕ್ಕಿಯನ್ನು ವಾಟ್ಸಾಪ್‌ಗೆ ಹಾಕಿದರೆ, ನೋಡಿದವರು ಮೊದಲು ಮೆಚ್ಚುವುದು ಎಳೆಎಳೆಯಾಗಿ ತಿದ್ದಿದ ಪುಕ್ಕವನ್ನು. ನೋಡಬೇಕಾದದ್ದು ನಿಲುವನ್ನು.

ಅಮೆರಿಕದ ಜಾನ್ ಮ್ಯೂರ್ ಲಾಸ್ ಅವರ ವಿಡಿಯೊ ಪಾಠಗಳು ಉಚಿತವಾಗಿ ಸಿಗುತ್ತವೆ. ಹಕ್ಕಿ ಬಿಡಿಸುವುದರ ಬಗ್ಗೆ 2012ರಲ್ಲಿ ಅವರದೊಂದು ಪುಸ್ತಕವೂ ಬಂದಿದೆ. ಅವರು ಕಲಿಸುವ ಕ್ರಮ ಇದು: ಮೊದಲು ಮೈಯ ವಾಲಿಕೆ ಹಿಡಿಯುವ ಒಂದೇ ಗೆರೆ, ಅದರ ಮೇಲೆ ಮೊಟ್ಟೆಯಾಕಾರದ ಒಡಲು, ತಲೆ. ತಲೆಗೂ ಒಡಲಿಗೂ ಅಳತೆ ಹೊಂದಿತೇ ಎಂದು ನೋಡಿ ಮೂಲೆ, ತಿರುವುಗಳನ್ನು ಕೆತ್ತಬೇಕು. ಪುಕ್ಕದ ಸರದಿ ಕೊನೆಗೆ. ಪಾಠದಲ್ಲಿ ಬರುವ ಹಕ್ಕಿಗಳು ನಮ್ಮ ಕಡೆ ಇಲ್ಲದಿದ್ದರೇನು, ಕೋಲಾರದ ಹಿತ್ತಲಲ್ಲಿ ಬಾಲ ನಿಗುರಿಸಿ ನಿಲ್ಲುವ ಮಡಿವಾಳ ಹಕ್ಕಿಗೂ ಇದೇ ಕ್ರಮ ಸಾಕು.

ಕೆ.ಸಿ. ವ್ಯಾಲಿ ಯೋಜನೆಯಡಿ ಬೆಂಗಳೂರಿನ ಸಂಸ್ಕರಿತ ನೀರು 2018ರಿಂದ ಕೋಲಾರ ಜಿಲ್ಲೆಯ ಕೆರೆಗಳಿಗೆ ಬರುತ್ತಿದೆ. ಆ ನೀರಿನ ಗುಣಮಟ್ಟದ ಜಗಳ ಬೇರೆ. ಚಿತ್ರ ಕಲಿಯುವವರಿಗಂತೂ ತುಂಬಿದ ಕೆರೆಯಂಚು ಒಳ್ಳೆಯ ಪಾಠಶಾಲೆ. ಅಲ್ಲಿ ಕೊಳದ ಬಕ ಕುತ್ತಿಗೆಯನ್ನು ಭುಜದೊಳಕ್ಕೆ ಮಡಚಿ ಅಲ್ಲಾಡದೆ ಕೂರುತ್ತದೆ. ಕೂತಾಗ ಮಣ್ಣಿನ ಬಣ್ಣ, ಹಾರಿದರೆ ಬೆಳ್ಳಗಿನ ರೆಕ್ಕೆ. ಬಣ್ಣ ನಂಬಿದವರು ಇಲ್ಲಿ ಮೋಸಹೋಗುತ್ತಾರೆ. ಇದರ ಚಿತ್ರ ಕಂಡರೆ ಪಾದದ ಕಡೆ ಕಣ್ಣು ಹಾಯಿಸಬೇಕು. ಒಡಲಿನ ಭಾರ ಪಾದದ ನೇರಕ್ಕೆ ಇಳಿದಿದ್ದರೆ ಹಕ್ಕಿ ನಿಂತಿದೆ. ಇಲ್ಲದಿದ್ದರೆ, ಪುಕ್ಕ ಎಷ್ಟೇ ಚೆಂದವಿರಲಿ, ಮುಗ್ಗರಿಸುತ್ತಿದೆ. ಹಿಂದಕ್ಕೆ ಬಾಗಿದ ಮೊಣಕಾಲಿನಂತೆ ಕಾಣುವುದು ನಿಜಕ್ಕೂ ಹಿಮ್ಮಡಿಯ ಕೀಲು. ಮೊಣಕಾಲು ಪುಕ್ಕದೊಳಗೆ ಅಡಗಿರುತ್ತದೆ. ಇದು ತಿಳಿದವರ ಕೈಯಲ್ಲಿ ಕಾಲು ಕಡ್ಡಿ ಸಿಕ್ಕಿಸಿದಂತೆ ಕಾಣುವುದಿಲ್ಲ.

ಮಾಲೂರಿನ ರಸ್ತೆಬದಿಯ ತಂತಿಯ ಮೇಲೆ ಕೂರುವ ಕಳ್ಳಿಪೀರ ಹುಳಕ್ಕೆ ಹಾರಿ, ಬಹಳ ಸಲ ಅದೇ ಜಾಗಕ್ಕೆ ಮರಳುತ್ತದೆ. ಹೀಗಾಗಿ ಬಿಡಿಸುವವರಿಗೆ ಇನ್ನೊಂದು ಅವಕಾಶ. ಪುಟದ ತುಂಬ ಅರ್ಧಂಬರ್ಧ ಕಳ್ಳಿಪೀರಗಳಿದ್ದರೆ ಅದನ್ನು ಸೋಲೆಂದುಕೊಳ್ಳಬಾರದು. ಹಕ್ಕಿಯ ಎದುರು ಕೂತು ಬಿಡಿಸಿದ ಗುರುತು ಅದು. ಫೋಟೊ ನೋಡಿ ನಕಲಿಳಿಸಿದ ಚಿತ್ರದಲ್ಲಿ ಈ ತಡವರಿಕೆ ಇರುವುದಿಲ್ಲ, ಜೀವವೂ ಅಷ್ಟಕ್ಕಷ್ಟೆ.

ಶ್ರೀನಿವಾಸಪುರದ ಮಾವಿನ ತೋಪಿನಲ್ಲಿ ಹಸಿರು ಕುಟ್ರುಹಕ್ಕಿ ಎಲೆಯೊಳಗೆ ಕರಗುತ್ತದೆ. ಬಲ್ಲವರು ಅಲ್ಲಿ ಅಂಚಿನ ಗೆರೆಯನ್ನು ಪೂರ್ತಿ ಎಳೆಯದೆ ಬಿಡುತ್ತಾರೆ. ಮುಳಬಾಗಿಲಿನ ಬರಿಬಂಡೆಯ ಮೇಲಿನ ಹಕ್ಕಿಗೆ ಅಂಚು ಖಚಿತವಾಗಿಯೇ ಬೇಕು.

ಹಾಗಾದರೆ ಪುಕ್ಕಕ್ಕೆ ಬೆಲೆಯಿಲ್ಲವೇ? ಜಹಾಂಗೀರನ ಆಸ್ಥಾನದ ಉಸ್ತಾದ್ ಮನ್ಸೂರ್ ಬಿಡಿಸಿದ ಸೈಬೀರಿಯನ್ ಕೊಕ್ಕರೆ ಕೋಲ್ಕತ್ತದ ಇಂಡಿಯನ್ ಮ್ಯೂಸಿಯಂನಲ್ಲಿದೆ. ವಿಜ್ಞಾನಿ ಪಲ್ಲಾಸ್ 1773ರಲ್ಲಿ ಆ ಹಕ್ಕಿಗೆ ಹೆಸರಿಡುವುದಕ್ಕೆ ನೂರು ವರ್ಷಕ್ಕೂ ಮೊದಲಿನ ಚಿತ್ರವದು. ಅದರಲ್ಲಿ ಪುಕ್ಕದ ನವಿರೂ ಇದೆ, ನಿಲುವೂ ಇದೆ.

ಮುಂದಿನ ಸಲ ಯಾರಾದರೂ ತಮ್ಮ ಹಕ್ಕಿಚಿತ್ರ ತೋರಿಸಿದರೆ, ಅದಕ್ಕೂ ಮುಂಚೆ ಗೀಚಿದ ಪುಟಗಳನ್ನು ಕೇಳಿ ಪಡೆದು ನೋಡಿ.